ಜುಬೇದಾಬಿ ಕೇಳಿ ತಂದ ಕಳ್ಳ

ಉಗರಗೋಳದಲ್ಲಿ ಬಳೆ ಮಾರುವ ಜುಬೇದಾಬಿಗೆ ಬಾಯಿ ಜೋರು. ದೇವಿಯ ಗುಡ್ಡಕ್ಕೆ ಬರುವ ಹೆಣ್ಣುಮಕ್ಕಳ ಕೈಗೆ ಹಸಿರು ಬಳೆ ಏರಿಸುತ್ತ ಅವರ ಅತ್ತೆಯರ ಜಾತಕವನ್ನೆಲ್ಲ ಬಿಚ್ಚಿಸುತ್ತಿದ್ದಳು. ಗಂಡ ಸತ್ತ ಮೇಲೆ ಆ ಬಾಯಿಯೇ ಅವಳ ಹೊಟ್ಟೆ ಹೊರೆಯಿತು.

೧೯೯೪ರಲ್ಲಿ ಅವಳ ಮಗ ಜಹೀರ, ಹದಿಮೂರರ ಹುಡುಗ, ಯಾತ್ರಿಕನೊಬ್ಬನ ಸೈಕಲ್ ಕದ್ದು ಸಿಕ್ಕಿಬಿದ್ದ. ಬಿಡಿಸಿಕೊಂಡು ಬರಬಹುದಿತ್ತು. ಆದರೆ ಏಳನೇ ಇಯತ್ತೆ ಪಾಸಾಗಿ ಊರಿಗೆಲ್ಲ ವಕೀಲನಾಗಿದ್ದ ಶಂಕರೆಪ್ಪ, ರಿಮಾಂಡ್ ಹೋಮ್ ಎಂದರೆ ಜೈಲಲ್ಲ, ಬೋರ್ಡಿಂಗು; ಊಟ, ಬಟ್ಟೆ, ಶಾಲೆ ಎಲ್ಲ ಸರಕಾರದ್ದೇ ಎಂದು ತಿಳಿಹೇಳಿದ. ಜುಬೇದಾಬಿ ನಂಬಿದಳು. ಹೊಸ ಟ್ರಂಕು ಕೊಂಡಳು, ಶೇಂಗಾ ಹೋಳಿಗೆ ಕಟ್ಟಿಕೊಟ್ಟಳು, ಮಗ ಓದಲು ಹೋಗಿದ್ದಾನೆಂದು ಗಿರಾಕಿಗಳ ಮುಂದೆ ಹೇಳಿಕೊಂಡಳು.

ಎರಡು ವರ್ಷಕ್ಕೆ ಜಹೀರ ಬಂದ. ತಾಟಿನ ಸುತ್ತ ಮೊಣಕೈ ಇಟ್ಟುಕೊಂಡು ಉಣ್ಣುತ್ತಿದ್ದ. ಹಿತ್ತಲಿಗೆ ಹೋಗಲೂ ಅಪ್ಪಣೆ ಕೇಳುತ್ತಿದ್ದ. ಅಲ್ಲೇನಾಯಿತೆಂದು ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದ. ಮುಂದೆ ಟೆಂಪೊ ಓಡಿಸಲು ಕಲಿತ, ಮದುವೆಯಾದ. ಮಾತು ಮಾತ್ರ ಮರಳಲಿಲ್ಲ. ಟ್ರಂಕು ಕೊಂಡ ದಿನ ನೆನಪಾದರೆ ತಾಯಿ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

೨೦೦೪ರಲ್ಲಿ ಅದೇ ಓಣಿಯ ಮುದುಕಿ ರಾಯವ್ವನ ಮೊಮ್ಮಗ ಸುನೀಲ ಜುಬೇದಾಬಿಯ ಅಂಗಡಿಯ ಬೀಗವನ್ನೇ ಮುರಿದ. ಗಲ್ಲಾ ಬರಿದು, ಬಳೆ ಅರ್ಧಕ್ಕರ್ಧ ಪುಡಿ. ಅವಳೇ ಪೊಲೀಸರಿಗೆ ದೂರು ಕೊಟ್ಟಳು. ಹುಡುಗನಿಗೆ ತಂದೆತಾಯಿ ಇಲ್ಲ; ಅಜ್ಜಿಗೆ ಕಣ್ಣು ಕಾಣದು. ಹೊಣೆ ಹೊರುವವರು ಸಿಗದಿದ್ದರೆ ಅವನು ವರ್ಷಗಟ್ಟಲೆ ರಿಮಾಂಡ್ ಹೋಮಿನಲ್ಲೇ ಎಂದು ಆಮೇಲೆ ಗೊತ್ತಾಯಿತು. ಶಂಕರೆಪ್ಪ ಮತ್ತೆ ಬೋರ್ಡಿಂಗಿನ ಮಾತೆತ್ತಿದ. ಹಾಗಿದ್ದರೆ ಮೊದಲು ನಿನ್ನ ಮೊಮ್ಮಕ್ಕಳನ್ನು ಸೇರಿಸು ಎಂದು ಅವನ ಮುಖಕ್ಕೇ ಹೇಳಿ, ಜುಬೇದಾಬಿ ಮಗನ ಟೆಂಪೊ ಹತ್ತಿ ಬೆಳಗಾವಿಗೆ ಹೊರಟಳು. ಕಳ್ಳನ ಕೈಗೆ ಕೀಲಿ ಕೊಡಲು ಹೊರಟಳೆಂದು ಊರು ನಕ್ಕಿತು.

ಬಾಲನ್ಯಾಯ ಮಂಡಳಿಯವರಿಗೂ ವಿಚಿತ್ರವೆನಿಸಿತು. ದೂರು ಕೊಟ್ಟವಳೇ ಹುಡುಗನನ್ನು ತನ್ನ ಮನೆಗೆ ಕೊಡಿ ಎನ್ನುತ್ತಿದ್ದಾಳೆ. ಮತ್ತೆ ಕದ್ದರೇನು ಮಾಡುತ್ತೀರಿ ಎಂದು ಮ್ಯಾಜಿಸ್ಟ್ರೇಟರು ಕೇಳಿದರು.

“ಕದ್ದರ ಬೈತೇನ್ರಿ, ಉಣ್ಣಾಕೂ ಹಾಕತೇನಿ. ಕಣ್ಣಮುಂದ ಇದ್ದರ ತಿದ್ದಬಹುದು. ಅಲ್ಲಿಗೆ ಕಳಿಸಿದ್ರ ಯಾರನ್ನ ತಿದ್ದಲಿ?” ಎಂದಳು ಜುಬೇದಾಬಿ.

ಮನೆಯಲ್ಲಿ ದುಡಿಯುವವನ ಒಪ್ಪಿಗೆಯೂ ಬೇಕೆಂದು ಅವರು ಜಹೀರನತ್ತ ನೋಡಿದರು. ಅವನು ಹಿಂತಿರುಗಿ ನೋಡಿದ. ಬಾಗಿಲ ಬಳಿ ಸುನೀಲ ನೆಲ ನೋಡುತ್ತ ನಿಂತಿದ್ದ.

“ನಮ್ಮನಿಗೇ ಕಳಸ್ರಿ,” ಎಂದ ಜಹೀರ. “ನನ್ನ ಎಂಟ ವರ್ಷದ ಹಿಂದ ಬಿಟ್ಟಾರ್ರಿ. ನಾ ಇನ್ನೂ ಹೊರಗ ಬಂದಿಲ್ಲ.”

ಆ ಸಂಜೆ ಟೆಂಪೊದಲ್ಲಿ ಮೂವರು ಊರಿಗೆ ಬಂದರು.