ಗುರುಮೂರ್ತಿ ಮಾಮನ ಪಿಟೀಲು

ಶಬ್ದವೊಂದನ್ನು ಸರಿಯಾಗಿ ಕೇಳಬೇಕೆಂದಾಗ ಗುರುಮೂರ್ತಿ ಮಾಮ ಕನ್ನಡಕ ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಕಣ್ಣು ಕೆಲಸ ಮಾಡುತ್ತಿದ್ದರೆ ಕಿವಿ ಸೋಮಾರಿಯಾಗುತ್ತದೆ ಎಂಬುದು ಅವರ ನಂಬಿಕೆ. ಆಮೇಲೆ ಕೀಬೋರ್ಡಿನ ಒಂದೇ ಒಂದು ಬಿಳಿ ಮನೆಯ ಮೇಲೆ ಬೆರಳಿಟ್ಟು, ಸಾರಿಗೆ ಉಪ್ಪು ಸಾಕೇ ಎಂದು ನೋಡುವವರಂತೆ ನಾಲಿಗೆಯನ್ನು ಮೆಲ್ಲಗೆ ಚಪ್ಪರಿಸುತ್ತಿದ್ದರು.

ಮೈಲಾಪೂರಿನ ನಮ್ಮ ಹಳೆಯ ಫ್ಲಾಟುಗಳಲ್ಲಿ ಅವರದು ನೆಲಮಹಡಿ, ನಮ್ಮದು ಅದರ ಮೇಲಿನದು. ಮನೆತನ ಕೊಳ್ಳೇಗಾಲದ ಕಡೆಯದಾದರೂ ಅವರು ಹುಟ್ಟಿ ಬೆಳೆದದ್ದು ಚೆನ್ನೈಯಲ್ಲೇ. ಹಾಗಾಗಿ ಅವರ ಕನ್ನಡದೊಳಗೆ ತಮಿಳು ಹೇಳದೆ ಕೇಳದೆ ಬಂದು ಕೂರುತ್ತಿತ್ತು. ಮದುವೆ ರಿಸೆಪ್ಷನ್ನುಗಳಲ್ಲಿ ಹಾಡುವ ತಂಡವೊಂದರಲ್ಲಿ ಕೀಬೋರ್ಡ್ ನುಡಿಸುತ್ತಿದ್ದರು. ಆದರೆ ಅವರ ಹೆಸರು ಇದ್ದದ್ದು ನುಡಿಸುವುದಕ್ಕಿಂತ ಶಬ್ದ ತಿದ್ದುವುದರಲ್ಲಿ. ಕಂಪನಿಯವರು ಯಂತ್ರದೊಳಗೆ ತುಂಬಿ ಕಳಿಸುವ ಪಿಟೀಲು, ಕೊಳಲು ಯಾವ ಊರಿನವೂ ಅಲ್ಲ ಎಂದು ಅವರ ದೂರು. ಬೇರೆ ತಂಡದವರೂ ತಮ್ಮ ಕೀಬೋರ್ಡುಗಳನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಆಟೋದಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಅವರ ಬಾಗಿಲಿಗೆ ಬರುತ್ತಿದ್ದರು.

ಮಕ್ಕಳು ಕಾಲೇಜು ಸೇರಿ ಹಗಲುಗಳು ಉದ್ದವಾದಾಗ ನಾನೂ ಅವರ ಬಾಗಿಲಿಗೆ ಹೋದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಏಳನೇ ಕ್ಲಾಸಿನವರೆಗೆ ಪಿಯಾನೊ ಹೇಳಿಕೊಟ್ಟಿದ್ದರು, ಅದನ್ನೇ ಮುಂದುವರಿಸುವ ಆಸೆ ಎಂದೆ.

"ನುಡಿಸೋದು ಅಪ್ಪುರಂ ನೋಡ್ಕೊಳ್ಳೋಣಮ್ಮಾ," ಎಂದರು. "ಮೊದಲು ಕದ ತೆಗೆಯೋದು, ಮುಚ್ಚೋದು ಕಲಿ."

ಬೆರಳಿಟ್ಟ ಕೂಡಲೇ ಶಬ್ದ ಎಷ್ಟು ಬೇಗ ಹೊರಬರಬೇಕು ಎಂಬುದು ಕದ ತೆಗೆಯುವುದು. ಬೆರಳೆತ್ತಿದ ಮೇಲೆ ಎಷ್ಟು ಹೊತ್ತು ಉಳಿಯಬೇಕು ಎಂಬುದು ಮುಚ್ಚುವುದು. ಇವೆರಡರ ಜೊತೆಗೆ ಇನ್ನೊಂದು ಗುಂಡಿ. ಅದನ್ನು ಬಲಕ್ಕೆ ತಿರುಗಿಸಿದರೆ ಸ್ವರಕ್ಕೆ ಹೊಳಪು ಬರುತ್ತದೆ, ಎಡಕ್ಕೆ ತಿರುಗಿಸಿದರೆ ಕಂಬಳಿ ಹೊದ್ದಂತೆ ಮಂದವಾಗುತ್ತದೆ. ಹೀಗೆ ತಿದ್ದಿದ ಶಬ್ದಕ್ಕೆ ಹೆಸರಿಡಲು ಯಂತ್ರ ಹತ್ತೇ ಅಕ್ಷರ ಕೊಡುತ್ತಿತ್ತು. ಮಾಮ ಹೆಸರುಗಳನ್ನೆಲ್ಲ ಊಟದೆಲೆಯಿಂದಲೇ ತೆಗೆಯುತ್ತಿದ್ದರು. ಚುರುಕಾದ ಮ್ಯಾಂಡೊಲಿನ್‌ಗೆ ಮಾವಿನ ಮಿಡಿ ಉಪ್ಪಿನಕಾಯಿಯ ತಮಿಳು ಹೆಸರು 'ಮಾವಡು', ಮೆತ್ತಗೆ ಹರಡಿಕೊಳ್ಳುವ ಶಬ್ದಕ್ಕೆ 'ಮೊಸರನ್ನ'. ಮದುವೆಯ ಹಿಂದಿನ ದಿನ ಹಾಡುಗಳ ಪಟ್ಟಿ ಮುಂದಿಟ್ಟುಕೊಂಡು, ಅದೇ ಸಾಲಿಗೆ ಶಬ್ದಗಳನ್ನೂ ಜೋಡಿಸುವರು. ವೇದಿಕೆಯ ಮೇಲೆ ಹುಡುಕುವವನು ಬಡಿಸುವಾಗ ಸೌಟು ಹುಡುಕುವವನ ಹಾಗೆ ಎನ್ನುತ್ತಿದ್ದರು.

ಎರಡು ವರ್ಷ ಹೀಗೆ ಕಲಿತೆ. ಮೂರನೆಯ ವರ್ಷ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಹೊಳಪಿನ ಗುಂಡಿ ಪ್ರತಿ ಸಲವೂ ಸ್ವಲ್ಪ ಹೆಚ್ಚೇ ಬಲಕ್ಕೆ ಹೋಗುತ್ತಿತ್ತು. ಪಿಟೀಲಿನ ಮೇಲಿನ ಸ್ವರಗಳು ಸ್ಟೀಲ್ ತಟ್ಟೆಯನ್ನು ಉಗುರಿನಿಂದ ಕೆರೆದಂತೆ ಕೇಳುತ್ತಿದ್ದವು. ಮಾಮ ಮಾತ್ರ ಚಪ್ಪರಿಸಿ, "ಈಗ ಬಂತು ನೋಡು," ಎನ್ನುವರು. ಹೇಗಿದೆ ಎಂದು ಕೇಳಿದಾಗಲೆಲ್ಲ ಚೆನ್ನಾಗಿದೆ ಎಂದೆ. ಹಿರಿಯರ ಮನಸ್ಸು ನೋಯಿಸಬಾರದೆಂದು ಬೆಳೆದವಳು ನಾನು. ಆ ಕಿವಿಗಳೇ ಅವರ ಅನ್ನವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಗಂದೆ.

ಆ ವರ್ಷ ಪಕ್ಕದ ಬೀದಿಯ ಮದುವೆಯೊಂದರ ರಿಸೆಪ್ಷನ್‌ಗೆ ನಾವೂ ಹೋಗಿದ್ದೆವು, ಮಾಮನ ತಂಡವೇ ಹಾಡುತ್ತಿತ್ತು. ಪಿಟೀಲು ಬಂದಾಗ ಮುಂದಿನ ಸಾಲಿನ ಅಜ್ಜಿ ಸೆರಗಿನಿಂದ ಕಿವಿ ಮುಚ್ಚಿಕೊಂಡರು. ತಂಡದ ಯಜಮಾನ ಹಾಡಿನ ಮಧ್ಯದಲ್ಲೇ ಬಂದು ಮಾಮನ ಕೀಬೋರ್ಡಿನ ಸದ್ದನ್ನು ಪೂರ್ತಿ ಇಳಿಸಿ, "ಕಾದು ವಲಿಕ್ಕುದು ಸಾರ್," ಎಂದ. ಕಿವಿ ನೋಯುತ್ತಿದೆ ಎಂದು ಅವನು ಹೇಳಿದ್ದು ಮಾಮನ ಮುಂದಿದ್ದ ಮೈಕಿನಲ್ಲಿ ಇಡೀ ಮಂಟಪಕ್ಕೆ ಕೇಳಿಸಿತು. ಉಳಿದ ಹಾಡುಗಳಿಗೆಲ್ಲ ಮಾಮ ಸದ್ದಿಲ್ಲದ ಕೀಬೋರ್ಡಿನ ಮೇಲೆ ಬೆರಳಾಡಿಸುತ್ತಲೇ ಕುಳಿತಿದ್ದರು.

ಮರುದಿನ ಬೆಳಿಗ್ಗೆ ಅವರೇ ಮೇಲೆ ಬಂದರು. ಕಾಫಿ ಕೊಟ್ಟೆ, ಮುಟ್ಟಲಿಲ್ಲ.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಮಾಮ."

"ಎಷ್ಟು ದಿನದಿಂದ?"

"ಮೂರು ತಿಂಗಳಾಯ್ತೇನೋ. ನಿಮಗೆ ಬೇಜಾರಾಗುತ್ತೆ ಅಂತ..."

"ಕಾನ್ವೆಂಟಲ್ಲಿ ಇದನ್ನೇ ಹೇಳ್ಕೊಟ್ರಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ತಲೆಯೆತ್ತಲಾಗಲಿಲ್ಲ.

ವಯಸ್ಸಾದಂತೆ ಮೇಲಿನ ಸ್ವರಗಳು ಮೊದಲು ಹೋಗುತ್ತವೆ ಎಂದು ಡಾಕ್ಟರು ಹೇಳಿದರಂತೆ. ಅವರು ಕೊಟ್ಟ ಕಿವಿಯ ಯಂತ್ರ ಹಾಕಿಕೊಂಡರೆ ಎಲ್ಲವೂ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆಂದು ಮಾಮ ಅದನ್ನು ತೆಗೆದಿಟ್ಟರು. ಬದಲಿಗೆ ನನ್ನನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡರು. "ನಾನು ತಿರುಗಿಸ್ತಾ ಹೋಗ್ತೀನಿ. ಚುಚ್ಚಿದ ಕೂಡಲೇ ಸಾಕು ಅನ್ನು. ನನ್ನ ಮುಖ ನೋಡ್ಬೇಡ, ಕರಗಿಬಿಡ್ತೀಯ. ಗೋಡೆ ನೋಡ್ಕೊಂಡು ಹೇಳು."

ಗೋಡೆಯ ಕ್ಯಾಲೆಂಡರ್ ನೋಡುತ್ತ ಸಾಕು, ಸಾಕು ಎನ್ನುವುದನ್ನು ಕಲಿತೆ. ನಾನು ಬೇಗನೆ ಸಾಕೆಂದರೆ, "ಕಂಜೂಸು," ಎಂದು ಗೊಣಗುತ್ತ ಬೆರಳು ಹಿಂದೆ ತೆಗೆಯುತ್ತಿದ್ದರು. ಆದರೂ ಒಮ್ಮೆಯೂ ನನ್ನ ಮಾತನ್ನು ಮೀರಲಿಲ್ಲ. ತಂಡದವರು ಮತ್ತೆ ಕರೆದರು. ಒಂದೂವರೆ ವರ್ಷ ನಮ್ಮ ಶಬ್ದಗಳು ಊರಿನ ಮಂಟಪಗಳಲ್ಲಿ ಓಡಾಡಿದವು. ನನ್ನ ಜೀವನದಲ್ಲಿ ನಾನು ಮಾಡಿದ ಕೆಲಸ ಎಂದು ಹೇಳಿಕೊಳ್ಳುವಂಥದ್ದು ಅದೊಂದೇ.

ಆಮೇಲೆ ಮಾಮನ ಮಂಡಿ ಸೋತು, ಅವರ ಮಗಳು ಅವರನ್ನು ತಾಂಬರಂನ ತನ್ನ ಮನೆಗೆ ಕರೆದುಕೊಂಡು ಹೋದಳು. ಎಲೆಕ್ಟ್ರಿಕ್ ಟ್ರೈನ್ ಹತ್ತಿ ನೋಡಲು ಹೋದೆ. ಅಲ್ಲಿ ಅವರೊಬ್ಬರೇ ಕುಳಿತು ಒಂದು ಹೊಸ ಪಿಟೀಲು ಮಾಡಿದ್ದರು. ಪೆನ್‌ಡ್ರೈವನ್ನು ನನ್ನ ಅಂಗೈಯಲ್ಲಿಟ್ಟು, ಮನೆಗೆ ಹೋಗಿ ನಿನ್ನ ಕೀಬೋರ್ಡಿಗೆ ಹಾಕಿ ಕೇಳು ಎಂದರು. ಕೇಳಿದೆ. ಗುಂಡಿ ಬಲತುದಿಗೇ ಹೋಗಿತ್ತು. ಮೇಲಿನ ಸ್ವರ ಬಂದಾಗ ಹಲ್ಲು ಜುಂ ಎಂದಿತು.

ಎರಡು ವಾರ ಬಿಟ್ಟು ಮತ್ತೆ ಹೋದಾಗ ಅವರು ಮಂಚದ ಮೇಲೆ ಒರಗಿಕೊಂಡಿದ್ದರು, ಬಹಳ ಇಳಿದುಹೋಗಿದ್ದರು. ಮಗಳು ಬಾಗಿಲಲ್ಲೇ ಪಿಸುಮಾತಿನಲ್ಲಿ, ಚೆನ್ನಾಗಿದೆ ಅಂತ ಒಂದು ಮಾತು ಹೇಳಿಬಿಡಿ ಆಂಟಿ, ದಿನವೂ ಅದನ್ನೇ ವಿಚಾರಿಸುತ್ತಾರೆ ಎಂದಳು. ಮಾಮ ನನ್ನನ್ನು ಕಂಡವರೇ ಹುಬ್ಬೆತ್ತಿದರು. ನಾನು ಅವರ ಕಿವಿಯ ಬಳಿ ಬಾಗಿ ಗಟ್ಟಿಯಾಗಿ ಹೇಳಿದೆ.

"ಚುಚ್ಚುತ್ತೆ ಮಾಮ. ತುಂಬಾ ಚುಚ್ಚುತ್ತೆ."

ಮಗಳು ಮುಖ ತಿರುಗಿಸಿಕೊಂಡಳು. ಮಾಮ ಮಾತ್ರ ಕಣ್ಣು ಮುಚ್ಚಿ ನನ್ನ ಕೈ ಹಿಡಿದುಕೊಂಡರು. "ನನಗೆ ಎಷ್ಟು ಇಂಪಾಗಿ ಕೇಳ್ತು ಗೊತ್ತಾ," ಎಂದರು. "ಪರವಾಯಿಲ್ಲ. ಇಳಿಸು."

ಮೂರನೆಯ ಸಲ ಹೋಗುವ ಮೊದಲೇ ಮಗಳ ಫೋನ್ ಬಂತು.

ಅವರು ಹೇಳಿದಂತೆ ಆ ಪಿಟೀಲಿನ ಹೊಳಪು ತಗ್ಗಿಸಿ, ಯಂತ್ರದಲ್ಲಿ ಬೇರೆ ಜಾಗದಲ್ಲಿಟ್ಟು ತಂಡದವರಿಗೆ ಕೊಟ್ಟಿದ್ದೇನೆ. ಮದುವೆಗಳಲ್ಲಿ ಅದನ್ನೇ ನುಡಿಸುತ್ತಾರೆ, ಜನ ಮೆಚ್ಚುತ್ತಾರೆ. ಮನೆಯಲ್ಲಿ ಯಾರೂ ಇಲ್ಲದ ಹನ್ನೊಂದರ ಹೊತ್ತಿಗೆ ನಾನು ತೆಗೆಯುವುದು ಮಾತ್ರ ಮಾಮ ಮಾಡಿದ ಹಾಗೇ, ತಗ್ಗಿಸದೆ ಉಳಿಸಿಕೊಂಡಿರುವುದನ್ನು. ಮೇಲಿನ ಸ್ವರದ ಮೇಲೆ ಬೆರಳಿಡುತ್ತೇನೆ. ಕಿವಿಗೆ ಚುಚ್ಚುತ್ತದೆ. ಅವರಿಗೆ ಇದು ಹೇಗೆ ಕೇಳಿಸಿತ್ತೋ ಎಂದು ಊಹಿಸುತ್ತ, ತಡೆಯಲಾಗುವಷ್ಟು ಹೊತ್ತು ಬೆರಳೆತ್ತುವುದಿಲ್ಲ.