ಎತ್ತಬ್ಯಾಡ್ರಿ, ಭಾವ

ನಮ್ಮ ಕಡೆ ಮನೆ ಕಟ್ಟಿಸುವವರಿಗೆ ಮೆಟ್ಟಿಲೆಂದರೆ ಪ್ರಾಣ. ಮನೆ ಎಷ್ಟು ಎತ್ತರವೋ ಯಜಮಾನನ ಮರ್ಯಾದೆಯೂ ಅಷ್ಟೇ ಎತ್ತರ ಅಂದುಕೊಂಡಿರುತ್ತಾರೆ. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಕಾಲಿನ ಬಲ ಹೋಗಿ, ಗಾಲಿಕುರ್ಚಿಯಲ್ಲಿ ಓಡಾಡುವ ನಾನು ಆ ಮರ್ಯಾದೆಯನ್ನೆಲ್ಲ ಅಂಗಳದಿಂದಲೇ ನೋಡುತ್ತಾ ಬಂದಿದ್ದೇನೆ.

ಒಳಗೆ ಹೋಗಲೇಬೇಕೆಂದರೆ ಯಾರಾದರೂ ಎತ್ತಬೇಕು. ಈ ಕೆಲಸವನ್ನು ನನ್ನ ಅಕ್ಕನ ಗಂಡ, ಅಂದರೆ ಭಾವ, ತಾವಾಗಿಯೇ ವಹಿಸಿಕೊಂಡಿದ್ದರು. ಮೆಟ್ಟಿಲು ಕಂಡ ಕೂಡಲೇ ಅಂಗಿಯ ತೋಳು ಮಡಚುತ್ತಿದ್ದರು. ಬೇಡ ಭಾವ ಎಂದರೆ, ನಾಚಿಕೆ ಎಂಥದು ಎಂದು ಎತ್ತಿಯೇ ಬಿಡುತ್ತಿದ್ದರು. ಸೀರೆ ಮೇಲೆ ಸರಿದು ನಾಲ್ಕು ಜನರ ಮುಂದೆ ಕಾಲು ಜೋತಾಡುವಾಗ ನನಗೆ ಭೂಮಿಗಿಳಿದು ಹೋಗುವ ಹಾಗಾಗುತ್ತಿತ್ತು. ಒಳಗೆ ಒಂದು ಮೂಲೆಯಲ್ಲಿ ಕೂರಿಸಿದರೆ ಮುಗಿಯಿತು, ಹೊರಡುವವರೆಗೂ ಆ ಮೂಲೆಯೇ ನನ್ನ ಊರು. ಕುರ್ಚಿ ಹೊರಗೆ, ನಾನು ಒಳಗೆ. ಊಟವೂ ಅಲ್ಲಿಗೇ ಬರುತ್ತಿತ್ತು, ಅಯ್ಯೋ ಪಾಪ ಎನ್ನುವವರೂ ಅಲ್ಲಿಗೇ ಬರುತ್ತಿದ್ದರು. ಸಿಟ್ಟು ಬಂದು, ಎತ್ತಿಸಿಕೊಂಡು ಹೋಗಬೇಕಾದ ಮನೆಗೆ ಕಾಲಿಡುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿದೆ. ಅಕ್ಕನ ಮಗಳ ಮದುವೆಯೂ ನನಗೆ ಹಾಗೇ ತಪ್ಪಿತು. ಕಲ್ಯಾಣ ಮಂಟಪ ಮಹಡಿಯ ಮೇಲಿತ್ತು.

ನ್ಯಾಮತಿಯಲ್ಲಿ ನನ್ನದು ಹೊಲಿಗೆಯಂಗಡಿ. ಮಿಷನ್ನಿನ ಮೋಟಾರಿನ ಪೆಡಲನ್ನು ಮೇಜಿನ ಮೇಲಿಟ್ಟುಕೊಂಡು ಮೊಣಕೈಯಿಂದ ಒತ್ತುತ್ತೇನೆ. ಹೋದ ವರ್ಷ ಅಕ್ಕನ ಮಗಳು ಬಸುರಿಯಾದಳು. ನಮ್ಮಲ್ಲಿ ತವರಿನವರು ಹಸಿರು ಸೀರೆ ಮತ್ತು ಕುಬಸ ಒಯ್ದು, ಗಂಡನ ಮನೆಯಲ್ಲಿ ಬಸುರಿಗೆ ಉಡಿಸಿ ತೊಡಿಸಿ ಹರಸುತ್ತಾರೆ. ಕುಬಸ ಹೊಲಿದವಳು ನಾನೇ. ಹುಡುಗಿ ಫೋನು ಮಾಡಿದಳು.

“ಚಿಕ್ಕಮ್ಮ, ಮದುವಿಗೆ ನೀನು ಬರ್ಲಿಲ್ಲ, ನಾನು ಸುಮ್ನಿದ್ದೆ. ಇದನ್ನ ನೀನೇ ತಂದು ಕೊಡ್ಬೇಕು. ನಮ್ಮತ್ತೆಗೆ ಹೇಳೀನಿ, ನಿನ್ನ ಕುರ್ಚಿ ಹತ್ತಾಕೆ ಜಾರು ಮಾಡಿಸ್ತಾರಂತೆ.”

ಅಕ್ಕ, ಭಾವ, ನಾನು ಗಾಡಿಯಲ್ಲಿ ಹೊನ್ನಾಳಿಯ ಮೇಲೆ ಹುಡುಗಿಯ ಗಂಡನ ಊರಾದ ತ್ಯಾವಣಿಗೆಗೆ ಹೊರಟೆವು. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ: ಒಳಗೆ ನಾನೇ ಹೋಗಬೇಕು, ಇಲ್ಲವಾದರೆ ವಾಪಸ್ಸು.

ಅಲ್ಲಿ ಹೋಗಿ ನೋಡಿದರೆ ಜಾರು ಇತ್ತು. ಆದರೆ ಒಂದು ಮೊಳ ಅಗಲ. ನಮ್ಮೂರುಗಳಲ್ಲಿ ರಾತ್ರಿ ಬೈಕನ್ನು ಪಡಸಾಲೆಯೊಳಗೇ ನಿಲ್ಲಿಸುವುದು ರೂಢಿ, ಅದಕ್ಕೆಂದು ಮೆಟ್ಟಿಲ ಪಕ್ಕ ಕಿರಿದಾದ ಇಳಿಜಾರು ಕಟ್ಟಿಸುತ್ತಾರೆ. ಗಾರೆ ಕೆಲಸದವನಿಗೆ ಗೊತ್ತಿದ್ದದ್ದು ಅದೊಂದೇ. ನನ್ನ ಕುರ್ಚಿಯ ಒಂದು ಗಾಲಿ ಅದರ ಮೇಲೆ ಕೂತರೆ ಇನ್ನೊಂದು ಗಾಳಿಯಲ್ಲಿ.

ಹುಡುಗಿಯ ಅತ್ತೆ ತಲೆ ಚಚ್ಚಿಕೊಂಡರು. “ಗಾಲಿ ಹತ್ತಂಗೆ ಮಾಡಪ್ಪ ಅಂದಿದ್ದೆ ನೋಡ್ರಿ, ಹಿಂಗೆ ಮಾಡಿಟ್ಟು ಹೋಗ್ಯಾನೆ.”

ಪಕ್ಕದಲ್ಲಿ ಭಾವ ಆಗಲೇ ತೋಳು ಮಡಚುತ್ತಿದ್ದರು.

“ಎತ್ತಬ್ಯಾಡ್ರಿ, ಭಾವ. ಎತ್ತಿದ್ರೆ ನಾನು ಗಾಡಿ ಹತ್ತಿ ಊರಿಗೆ ಹೋಗ್ತೀನಿ,” ಎಂದೆ. ದನಿ ಸ್ವಲ್ಪ ಜೋರಾಯಿತು. ಬಾಗಿಲಲ್ಲಿ ನಿಂತಿದ್ದ ಬಸುರಿಯ ಮುಖ ಸಣ್ಣಗಾಯಿತು. ಅದನ್ನು ನೋಡಿ ನನಗೂ ಸಂಕಟವಾಯಿತು. ಆಗ ಅಂಗಳದ ಮೂಲೆಯಲ್ಲಿ ಕೆಸರು ಮೆತ್ತಿಕೊಂಡು ನಿಂತಿದ್ದ, ಗದ್ದೆ ಉಳುವ ಟಿಲ್ಲರ್ ಕಣ್ಣಿಗೆ ಬಿತ್ತು.

“ಅಕ್ಕಾರೆ, ಅದನ್ನ ಟ್ರೇಲರಿಗೆ ಹೆಂಗೆ ಹತ್ತಿಸ್ತೀರಿ?” ಎಂದು ಹುಡುಗಿಯ ಅತ್ತೆಯನ್ನು ಕೇಳಿದೆ.

ಆಕೆ ನಗುತ್ತಾ, ಅದನ್ನು ಹತ್ತಿಸುವ ಎರಡು ಉದ್ದನೆಯ ಹಲಗೆಗಳನ್ನು ಕೊಟ್ಟಿಗೆಯಿಂದ ತರಿಸಿದರು. ಕುರ್ಚಿಯ ಗಾಲಿಗಳ ಅಳತೆಗೆ ಸರಿಯಾಗಿ ಮೆಟ್ಟಿಲ ಮೇಲೆ ಹಾಸಿ, ತುದಿಯನ್ನು ಹೊಸ್ತಿಲಿನಾಚೆಗೂ ಚಾಚಿಸಿದರು. ಪೂಜೆ ಮಾಡಿದ ಹೊಸ್ತಿಲ ಮೇಲೆ ಬೀದಿಯ ಗಾಲಿ ಹೆಂಗೆ ಹೋಗ್ತೈತೆ ಎಂದು ಒಬ್ಬ ಅಜ್ಜಿ ಗೊಣಗಿದರು.

“ಜಾರು ಆದಾಗಿಂದ ದಿನಾ ರಾತ್ರಿ ಬೈಕ್ ಹೋಗ್ತೈತಲ್ಲವ್ವ, ಅದೇನು ಮಡಿ ಉಟ್ಕೊಂಡು ಹೋಗ್ತೈತಾ?” ಎಂದರು ಅತ್ತೆ. ಅಜ್ಜಿಯೂ ನಕ್ಕುಬಿಟ್ಟರು.

ಭಾವನನ್ನು ಹಿಂದೆ ನಿಲ್ಲಲು ಹೇಳಿದೆ. ಜಾರಿದರೆ ಹಿಡಿಯಿರಿ, ತಳ್ಳಬೇಡಿ ಎಂದೆ. ಹಲಗೆ ಕಿರುಗುಟ್ಟಿತು, ತೋಳು ನೋಯಿತು. ಆದರೂ ಹತ್ತಿದೆ. ಪಡಸಾಲೆಯ ತಂಪು ನೆಲಕ್ಕೆ ಗಾಲಿ ಇಳಿದಾಗ ಕಣ್ಣುಗಳು ತುಂಬಿಕೊಂಡವು, ಒರೆಸಿಕೊಳ್ಳಲೂ ಇಲ್ಲ. ಕುಬಸವನ್ನು ಹುಡುಗಿಯ ಕೈಗಿಟ್ಟು ಕೆನ್ನೆಗೆ ಅರಿಶಿನ ಹಚ್ಚಿದೆ.

ಈ ಸಲ ಕುರ್ಚಿಯೂ ಒಳಗಿತ್ತು. ಹಾಗಾಗಿ ನನ್ನನ್ನು ಹಿಡಿಯುವವರೇ ಇರಲಿಲ್ಲ. ದೇವರ ಕೋಣೆಗೆ ಇಣುಕಿದೆ, ಹಿತ್ತಿಲ ಬಾಗಿಲವರೆಗೆ ಹೋಗಿ ಬಂದೆ, ಕೊನೆಗೆ ಅಡುಗೆಮನೆಗೇ ನುಗ್ಗಿದೆ.

“ನೀವು ಕುಂತ್ಕೊಳ್ರಿ, ಅಲ್ಲಿಗೇ ತಂದ್ಕೊಡ್ತೀವಿ,” ಎಂದರು ಅತ್ತೆ.

“ಚಿಕ್ಕೋಳಿದ್ದಾಗಿಂದ ಕುಂತೇ ಇದೀನಿ, ಅಕ್ಕಾರೆ. ಏನಾರ ಕೆಲ್ಸ ಕೊಡ್ರಿ.”

ಆಕೆ ಹೋಳಿಗೆಯ ಬುಟ್ಟಿಯನ್ನು ನನ್ನ ತೊಡೆಯ ಮೇಲಿಟ್ಟರು. ಪಡಸಾಲೆಯಲ್ಲಿ ಊಟಕ್ಕೆ ಸಾಲಾಗಿ ಟೇಬಲ್ಲು ಹಾಕಿದ್ದರು. ಬುಟ್ಟಿ ಸರಿಯದ ಹಾಗೆ ಮೆಲ್ಲಗೆ ಗಾಲಿ ತಿರುಗಿಸುತ್ತಾ ಒಂದೊಂದು ಎಲೆಗೂ ಬಡಿಸಿದೆ. ನಲವತ್ತು ದಾಟಿದ ಹೆಂಗಸು ನಾನು, ಪಂಕ್ತಿಯಲ್ಲಿ ಬಡಿಸಿದ್ದು ಅದೇ ಮೊದಲು.

ಭಾವನ ಎಲೆಗೆ ಎರಡು ಹಾಕಿ ಮೂರನೆಯದು ಎತ್ತಿದಾಗ ಅವರು ಕೈ ಅಡ್ಡ ಹಿಡಿದರು. “ಬ್ಯಾಡವ್ವ, ಸಾಕು.”

“ನಾನು ಬ್ಯಾಡ ಅಂದಾಗ ನೀವು ಯಾವತ್ತಾರ ಕೇಳಿದ್ರಾ, ಭಾವ?”

ಅವರು ನನ್ನ ಮುಖ ನೋಡಿದರು. ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡು, “ಇನ್ಮ್ಯಾಲೆ ಕೇಳ್ತೀನಿ,” ಎಂದರು. ಆದರೂ ಹೋಳಿಗೆಯನ್ನು ಹಾಕಿಯೇ ಮುಂದಿನ ಎಲೆಗೆ ಹೋದೆ.