ರೆಕ್ಕೆಯ ಮೇಲೆ ಯಾರ ಹೆಸರು?

ನಮ್ಮ ಶರಣ್ಯ ಮಾಡಿದ ಪುಟ್ಟ ವಿಮಾನಕ್ಕೆ ಮೊದಲ ಬಹುಮಾನ ಬಂತು! ಶಾಲೆಯ ಮೈದಾನದಲ್ಲಿ ಎಲ್ಲರ ವಿಮಾನಕ್ಕಿಂತ ಹೆಚ್ಚು ಹೊತ್ತು ಹಾರಿದ್ದು ನನ್ನ ಮೊಮ್ಮಗಳದ್ದೇ. ತಮಿಳು ಸೀಮೆಯ ಸೋಮನೂರಿನ ನಮ್ಮ ಬೀದಿಯಲ್ಲಿ ನಾನು ಹೇಳದೆ ಬಿಟ್ಟ ಮನೆಯಿಲ್ಲ. ಆದರೆ ನನಗೆ ಮರೆಯಲಾಗದ್ದು ಅದಕ್ಕೂ ಮೊದಲು ನಡೆದದ್ದು. ನನಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ನಾನು ಹೇಳುತ್ತೇನೆ, ಸೊಸೆ ಬರೆಯುತ್ತಾಳೆ. ಅವಳ ತಾಯಿಯ ವಿಷಯ ಬಂದಾಗ ಏನನ್ನೂ ಬಿಡಬಾರದೆಂದು ಮೊದಲೇ ಹೇಳಿದ್ದೇನೆ.

ಈ ವರ್ಷ ಅರ್ಧವಾರ್ಷಿಕ ರಜೆಗೆ ಬೀಗಿತ್ತಿ ಸರೋಜಮ್ಮನವರು ಮೈಸೂರಿನಿಂದ ಬಂದರು. ಬಂದ ದಿನದಿಂದ ಹುಡುಗಿ ಅವರ ಸೆರಗು ಬಿಡಲಿಲ್ಲ. ಬಾಗಿಲು ಹಾಕಿಕೊಂಡು ಇಬ್ಬರೂ ಅದೇನೋ ಬರೆಯುವುದು, ನಗುವುದು. ನಾನು ಮುರುಕು ತೆಗೆದುಕೊಂಡು ಹೋದರೆ, “ಅಲ್ಲೇ ಇಡು ಅವ್ವಾ” ಎನ್ನುತ್ತಿದ್ದಳು. ಅವಳಿಗೆ ನಾನು ಅವ್ವ, ಸರೋಜಮ್ಮ ಅಜ್ಜಿ. ಹುಟ್ಟಿದಂದಿನಿಂದ ಎತ್ತಿ ಆಡಿಸಿದವಳು ನಾನು. ಹೊಟ್ಟೆ ಉರಿಯದೆ ಇರುತ್ತದೆಯೇ?

ಶಾಲೆಯ ಸ್ಪರ್ಧೆಗೆಂದು ಅವಳು ಮಾಡುತ್ತಿದ್ದ ವಿಮಾನದ ಮರ ಬಾಲ್ಸಾ ಅಂತೆ, ಬೆಂಡಿನಷ್ಟು ಹಗುರ. ನಕ್ಷೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಪ್ರಿಂಟ್ ಹಾಕಿಸಿ, ಮರದ ಮೇಲೆ ಬೋರಲಾಗಿಟ್ಟು, ಕಾದ ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿದರೆ ಗೆರೆಗಳು ಮರಕ್ಕೆ ಹತ್ತಿಕೊಳ್ಳುತ್ತವೆ. ಆಮೇಲೆ ಗೆರೆ ಹಿಡಿದು ಕತ್ತರಿಸುವುದು. ರೆಕ್ಕೆಯ ಹಾಳೆಯಲ್ಲಿ ಏನೋ ಬರೆದಿದ್ದು ಕಣ್ಣಿಗೆ ಬಿತ್ತು. ತಮಿಳಲ್ಲ, ಸೊಸೆಯ ಪುಸ್ತಕಗಳಲ್ಲಿರುವಂಥ ದುಂಡನೆಯ ಅಕ್ಷರ.

“ಯಾರ ಹೆಸರು, ನನ್ನ ಕಣ್ಣೇ?” ಎಂದೆ.

ಅಂಗೈಯಿಂದ ಮುಚ್ಚಿಬಿಟ್ಟಳು. “ಪೋ ಅವ್ವಾ, ಈಗ ಹೇಳಲ್ಲ.”

ಕನ್ನಡ ಅಕ್ಷರವೆಂದರೆ ಇನ್ನಾರದು? ಸರೋಜಮ್ಮನದೇ. “ನಿಮ್ಮ ಹೆಸರು ಆಕಾಶಕ್ಕೆ ಹೋಗುತ್ತೆ, ನಮ್ಮದು ರೇಷನ್ ಕಾರ್ಡಲ್ಲಿದ್ದರೆ ಸಾಕು” ಎಂದು ಚುಚ್ಚಿದೆ.

“ಅಯ್ಯೋ ಬೀಗ್ರೇ, ನನಗೂ ತೋರಿಸಿಲ್ಲ ಕಣ್ರೀ” ಎಂದರು. ಬಾಯಲ್ಲಿ ಹಾಗಂದರೂ ಮುಖ ಅರಳಿತ್ತು.

ನಮ್ಮದು ನೇಕಾರರ ಮನೆ, ಕರೆಂಟ್ ಮಗ್ಗ ಓಡುತ್ತಿದ್ದರೆ ಮೇಜು ನಡುಗುತ್ತದೆ. ಹಾಳೆ ಸರಿದರೆ ಗೆರೆ ಕಲಸಿಹೋಗುತ್ತದೆಂದು ಮಗ ಮಗ್ಗಗಳನ್ನೆಲ್ಲ ನಿಲ್ಲಿಸಿದ. ಸರೋಜಮ್ಮ ಹಾಳೆ ಅಲುಗದಂತೆ ಹಿಡಿದರು. ಇಸ್ತ್ರಿ ಪೆಟ್ಟಿಗೆಯನ್ನು ನಾನು ಯಾರಿಗೂ ಕೊಡಲಿಲ್ಲ. ಇವರ ಹೆಸರನ್ನು ನಾನೇ ಒತ್ತಬೇಕಾಯಿತಲ್ಲ ಎಂದು ಉರಿಯುತ್ತಲೇ ಒತ್ತಿದೆ.

ಶರಣ್ಯ ಮೆಲ್ಲಗೆ ಹಾಳೆ ಸುಲಿದಳು. ಅಕ್ಷರಗಳು ಮರದ ಮೇಲೆ ನೆಟ್ಟಗೆ ನಿಂತಿದ್ದವು. ಓದಲು ಬಾರದ ನಾನು ಸರೋಜಮ್ಮನ ಮುಖ ನೋಡಿದೆ. ಅರಳಿದ್ದ ಮುಖ ಚಿಕ್ಕದಾಯಿತು. ಅವರು ಏನು ಹೇಳಿದ್ದರೂ ನಾನು ನಂಬಲೇಬೇಕಿತ್ತು. ಆದರೆ ಇದ್ದದ್ದನ್ನೇ ಓದಿದರು.

“ಅವ್ವ ಅಂತ ಬರ್ದಿದಾಳೆ. ಇದಕ್ಕೇನೇ ನನ್ನ ಹತ್ರ ಅಕ್ಷರ ಕಲಿತಿದ್ದು? ಕಳ್ಳಿ! ಈ ಅಜ್ಜಿಗೇನೂ ಇಲ್ವಾ?”

“ಮುಂದಿನ ವಿಮಾನ ನಿಮ್ದು ಅಜ್ಜೀ” ಎಂದಳು ಹುಡುಗಿ.

ನನಗೆ ಕಣ್ಣು ತುಂಬಿ ಬಂತು. ಸರೋಜಮ್ಮನಿಗೂ ಉರಿಯಿತಲ್ಲ, ಅದು ನೆನೆದರೆ ಈಗಲೂ ಸಂತೋಷವಾಗುತ್ತದೆ. ಇಲ್ಲಿ ಸೊಸೆ ಪೆನ್ನು ನಿಲ್ಲಿಸಿದಳು. ಬರೆಯಮ್ಮ, ಬರೆ ಎಂದೆ.

ಬಹುಮಾನ ಬಂದ ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಸರೋಜಮ್ಮ ಬಿಸಿಬೇಳೆಬಾತ್ ಮಾಡಿದ್ದರು, ನಾನು ಒಬ್ಬಟ್ಟು. ಅವರು ಹುಡುಗಿಗೆ ಕೈಯಾರೆ ಒಂದು ತುತ್ತು ತಿನ್ನಿಸಿದರು. ಸುಳ್ಳೇಕೆ ಹೇಳಲಿ, ನನಗೆ ಮತ್ತೆ ಉರಿಯಿತು. ತುಪ್ಪದಲ್ಲಿ ಅದ್ದಿದ ಒಬ್ಬಟ್ಟಿನ ಚೂರು ಹಿಡಿದು ನಾನೂ ಕೈ ಚಾಚಿದೆ.

“ಇರು ಅವ್ವಾ, ನುಂಗ್ತೀನಿ” ಎಂದಳು ಬಾಯಿ ತುಂಬಿಕೊಂಡು.

ಅವಳು ನುಂಗುವವರೆಗೂ ನಾನು ಕೈ ಇಳಿಸಲಿಲ್ಲ.